ಇಬ್ಬರು ಅಮ್ಮಾಜಮ್ಮಂದಿರು

ಚಿಕ್ಕಬಳ್ಳಾಪುರ
3 ಫೆಬ್ರವರಿ 2025, ಸೋಮವಾರ

ಅಮ್ಮನಿಗೆ ಭಾನು ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಮೊದಲು ಬರೆಯಬೇಕು, ಕಾಗದ ಅಂದಮೇಲೆ ಹಾಗೇ ಶುರುವಾಗಬೇಕು. ಬರೆದೆ ಅಂದುಕೋ. ನೀನು ಬಸ್ಸಿನಲ್ಲಿ ಕಳಿಸಿದ ಅವರೆಕಾಯಿ ಚೀಲ ಬಂದು ವಾರದ ಮೇಲಾಯಿತು. ಹಿತಕಿದಬೇಳೆ ಸಾರು ಮಾಡಿ ತಿಂದೂ ಆಯಿತು. ಕಾಯಿ ತಲುಪಿತಾ ಎಂದು ಕೇಳಲು ನೀನು ಮಾಡಿದ ಫೋನನ್ನು ಒಂದು ಸಲವೂ ಎತ್ತಲಿಲ್ಲ. ಬೇಜಾರು ಮಾಡಿಕೊಳ್ಳಬೇಡ. ಎತ್ತಿದ್ದರೆ ಅವರೆಕಾಯಿಯ ಬದಲು ಬೇರೇನೋ ಬಾಯಿಗೆ ಬಂದುಬಿಡುತ್ತಿತ್ತು.

ಕೈಯಲ್ಲಿ ಫೋನಿಟ್ಟುಕೊಂಡು ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡ. ನೀನು ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಊರಿಗೆಲ್ಲ ಕೇಳುವಂತೆ ಮಾತಾಡುವವಳು. ತಂಗಿ ಹರಿತಾ ಕೇಳಿಸಿಕೊಳ್ಳುತ್ತಾಳೆ, ಅಪ್ಪ ಕೇಳಿಸಿಕೊಳ್ಳುತ್ತಾರೆ, ನಿನ್ನ ಚಿಕ್ಕ ತಮ್ಮ ಬಾಬು ಮಾವ ಹಸು ಕಟ್ಟುವುದು ಬಿಟ್ಟು ಬಂದು ನಿಲ್ಲುತ್ತಾನೆ. ಅದೂ ಅಲ್ಲದೆ, ಬೇಡದ ಮಾತು ಬಂದ ಕೂಡಲೇ ನೀನು "ತಡಿಯೇ, ಹಾಲು ಉಕ್ತಾ ಐತೆ" ಅಂತೀಯ. ನಿಮ್ಮ ಮನೆಯಲ್ಲಿ ಉಕ್ಕಿದಷ್ಟು ಹಾಲು ಇಡೀ ಚಿಂತಾಮಣಿ ತಾಲ್ಲೂಕಿನಲ್ಲಿ ಉಕ್ಕಿರಲಾರದು. ಆದ್ದರಿಂದ ಕಾಗದ. ಒಬ್ಬಳೇ ಇದ್ದಾಗ ಕೂತು ಓದು.

ನಿನ್ನ ದೊಡ್ಡ ತಮ್ಮ, ಅಂದರೆ ನನ್ನ ಗಂಡ ಮುರಳಿ ಮಾವ, ಗಟ್ಟಿಯಾಗಿದ್ದಾನೆ. ಬೆಳಗಿನ ಜಾವ ಹೂವಿನ ಮಾರ್ಕೆಟ್ಟಿಗೆ ಹೋದರೆ ಮಧ್ಯಾಹ್ನ ಮೈತುಂಬ ಸೇವಂತಿಗೆ ವಾಸನೆ ಹೊತ್ತು ಬರುತ್ತಾನೆ. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಅವನನ್ನು ಮಾವ ಅನ್ನುವುದು ಬಿಟ್ಟಿಲ್ಲ. ನಾನು ಆಫೀಸು ಕೆಲಸ ಮಾಡುವ ಸ್ಕೂಲಿಗೆ ಮಂಗಳೂರಿನಿಂದ ಹೊಸ ಟೀಚರ್ ಬಂದಿದ್ದಾರೆ. "ಗಂಡನನ್ನು ಮಾವ ಅಂತೀರಲ್ಲ ಭಾನು?" ಎಂದು ಅವರಿಗೆ ಆಶ್ಚರ್ಯ. "ಹುಟ್ಟಿದಾಗಿಂದ ಮಾವ ಮೇಡಂ, ಆಮೇಲೆ ಗಂಡ" ಅಂದೆ. ಅವರು ನಕ್ಕರು, ನಾನೂ ನಕ್ಕೆ. ಅದು ಹೋದ ತಿಂಗಳ ಮಾತು. ಈಗಾಗಿದ್ದರೆ ನಗು ಬರುತ್ತಿರಲಿಲ್ಲ.

ನಿನ್ನ ಮೊಮ್ಮಗಳು ನಿಹಾರಿಕಾ ವಿಷಯಕ್ಕೆ ಬರುತ್ತೇನೆ. ಅದಕ್ಕೇ ಈ ಕಾಗದ.

ಕಿವಿಯ ಮೆಷಿನ್ ಹಾಕಿಕೊಂಡು, ನಮ್ಮ ತುಟಿ ನೋಡಿಕೊಂಡು, ಅವಳು ಐದನೇ ಕ್ಲಾಸಿನವರೆಗೆ ಬಂದಳು. ಪಾಠದಲ್ಲಿ ಯಾರಿಗೂ ಕಮ್ಮಿಯಿಲ್ಲ. ಆದರೆ ಎರಡು ವರ್ಷದಿಂದ ಅವಳಿಗೆ ಒಂದು ಮೊಂಡುತನ ಬಂದಿದೆ ಎಂದು ನಾನು ನಿನ್ನ ಹತ್ತಿರ ದೂರು ಹೇಳುತ್ತಿದ್ದೆನಲ್ಲ, ನೆನಪಿದೆಯಾ? ಸಂಜೆಯಾದರೆ ಮಾತು ನಿಲ್ಲಿಸುತ್ತಾಳೆ, ಕರೆದರೆ ತಿರುಗುವುದಿಲ್ಲ, ಆಚೆ ಬಾ ಅಂದರೆ ಬಾಗಿಲು ಹಿಡಿದು ನಿಲ್ಲುತ್ತಾಳೆ. ಒಂದು ಸಂಜೆ ಮಾರ್ಕೆಟ್ಟಿನ ಶೆಡ್ಡಿನೊಳಗೆ ಹೂವಿನ ಮೂಟೆಗಳ ಮೇಲೆ ಹೋಗಿ ಬಿದ್ದಳು. ನೀನು "ಹೆಣ್ಮಗೂಗೆ ಅಷ್ಟೊಂದು ಹಟ ಒಳ್ಳೇದಲ್ಲ ಕಣೇ" ಅಂದಿದ್ದೆ. ಹಟವಲ್ಲ ಅಮ್ಮ. ಮಬ್ಬುಗತ್ತಲಾದರೆ ಅವಳಿಗೆ ಏನೂ ಕಾಣುತ್ತಿರಲಿಲ್ಲ. ತುಟಿ ಕಾಣದಿದ್ದರೆ ಅವಳಿಗೆ ಮಾತೂ ಇಲ್ಲ. ಪಾಪ, ಎರಡನ್ನೂ ಒಟ್ಟಿಗೆ ಕಳೆದುಕೊಂಡು ಆ ಮಗು ಬಾಗಿಲು ಹಿಡಿದು ನಿಂತಿರುತ್ತಿತ್ತು, ನಾವು ಬೈಯುತ್ತಿದ್ದೆವು.

ಇಲ್ಲಿನ ಕಣ್ಣಿನ ಡಾಕ್ಟರು ವಿಟಮಿನ್ ಕಮ್ಮಿ ಎಂದು ಬರೆದರು. ಕ್ಯಾರೆಟ್ಟು, ನುಗ್ಗೆಸೊಪ್ಪು, ಮೊಟ್ಟೆ, ಮೀನೆಣ್ಣೆ ಎಲ್ಲ ಆಯಿತು. ನುಗ್ಗೆಸೊಪ್ಪು ಕಂಡರೆ ಈಗ ಅವಳು ಮುಖ ತಿರುಗಿಸುತ್ತಾಳೆ. ಗುಣ ಕಾಣದೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಒಬ್ಬರು ಲೇಡಿ ಡಾಕ್ಟರು, ನಮ್ಮ ಹರಿತಾಗಿಂತ ನಾಲ್ಕೈದು ವರ್ಷ ದೊಡ್ಡವರಿರಬೇಕು. ಕಣ್ಣು ನೋಡಿದವರು ಕಣ್ಣಿನ ಮಾತು ಬಿಟ್ಟು ಕಿವಿಯ ಮಾತು ಶುರುಮಾಡಿದರು. ಹುಟ್ಟಿದಂದಿನಿಂದ ಇವಳಿಗೆ ಎಲ್ಲೆಲ್ಲಿ ತೋರಿಸಿದ್ದೀರೋ ಆ ಪೇಪರೆಲ್ಲ ಬೇಕು, ಒಂದೂ ಬಿಡಬೇಡಿ ಎಂದರು.

ಒಂದು ಇಡೀ ಭಾನುವಾರ ನಡುಮನೆಯಲ್ಲಿ ಪೇಪರು ಹರಡಿಕೊಂಡು ಕೂತೆ. ಚಿಂತಾಮಣಿಯ ಚೀಟಿ, ಬೆಂಗಳೂರಿನಲ್ಲಿ ಕಿವಿ ಟೆಸ್ಟ್ ಮಾಡಿಸಿದ್ದು, ಮೆಷಿನ್ ಕೊಟ್ಟವರದ್ದು, ಅಂಗವಿಕಲರ ಸರ್ಟಿಫಿಕೇಟು, ಕಣ್ಣಿನದ್ದು. ಬಿ.ಕಾಂ. ಓದಿದ ಇಂಗ್ಲಿಷು ಡಾಕ್ಟರ ಕೈಬರಹದ ಮುಂದೆ ಎಲ್ಲಿ ನಡೆಯುತ್ತದೆ? ಕಾಯಿಲೆಯ ಒಂದೊಂದು ಪದವನ್ನೂ ಫೋನಿನಲ್ಲಿ ಹುಡುಕಿ, ಅರ್ಥವನ್ನು ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ. ಮಾವ ಪೇಪರು ತುಳಿಯದಂತೆ ಗೋಡೆ ಹಿಡಿದು ಓಡಾಡಿದ. ನಿಹಾ ಅವಳ ಪುಟ್ಟ ಕಾಲದ ಫೋಟೋ ಅಂಟಿಸಿದ ಹಾಳೆ ಸಿಕ್ಕಿದಾಗಲೆಲ್ಲ "ನಾನು! ನಾನು!" ಎಂದು ಎದೆ ಮುಟ್ಟಿಕೊಂಡು ಕುಣಿದಳು.

ಮುಂದಿನ ವಾರ ಫೈಲು ಹೊತ್ತುಕೊಂಡು ಹೋದೆವು. ಡಾಕ್ಟರು ಮೊದಲು ಕೇಳಿದ್ದೇ "ಸಂಬಂಧದಲ್ಲಿ ಮದುವೆಯಾ?" ಅಂತ. ನಾನು ಬಾಯಿ ತೆಗೆಯುವುದರೊಳಗೆ ಮಾವ "ಇಲ್ಲ ಮೇಡಂ, ಬೇರೆ ಬೇರೆ ಕಡೆಯೋರು" ಅಂದುಬಿಟ್ಟ. ನಾನು ಅವನ ಮುಖ ನೋಡಿದೆ. ಅವನು ಫ್ಯಾನು ನೋಡುತ್ತಿದ್ದ.

ಡಾಕ್ಟರು ಒಂದೊಂದೇ ಹಾಳೆ ತಿರುಗಿಸಿದರು. ಆಮೇಲೆ ಎರಡು ಹಾಳೆ ಈಚೆ ತೆಗೆದು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಮಗುವಿನ ವಿಷಯ ಹೇಳಿದವರು ಯಾರು ಎಂದು ಬರೆದುಕೊಳ್ಳುವ ಜಾಗವೊಂದಿರುತ್ತದೆ. ಚಿಂತಾಮಣಿಯ ಚೀಟಿಯಲ್ಲಿ ಅಲ್ಲಿ ಅಮ್ಮಾಜಮ್ಮ, ತಾಯಿಯ ತಾಯಿ ಎಂದಿತ್ತು. ಕಿವಿ ಟೆಸ್ಟಿನ ಹಾಳೆಯಲ್ಲಿ ಅಮ್ಮಾಜಮ್ಮ, ತಂದೆಯ ಅಕ್ಕ ಎಂದಿತ್ತು. ಎರಡರಲ್ಲೂ ಅದರ ಕೆಳಗೇ, ಸಂಬಂಧದಲ್ಲಿ ಮದುವೆ: ಇಲ್ಲ.

"ನಿಮ್ಮ ಮನೇಲಿ ಅಮ್ಮಾಜಮ್ಮ ಅನ್ನೋರು ಇಬ್ಬರಿದಾರಾ?" ಎಂದು ಡಾಕ್ಟರು ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಕೇಳಿದರು.

ನಾನೇ ಹೇಳಿದೆ: "ಒಬ್ಬರೇ ಮೇಡಂ. ನಮ್ಮಮ್ಮ. ಇವರ ಅಕ್ಕ."

ವಾಪಸು ಬರುವಾಗ ದೇವನಹಳ್ಳಿ ದಾಟಿದ ಮೇಲೆ ಅವನೇ ಬಾಯಿಬಿಟ್ಟ. ಚಿಂತಾಮಣಿ ಆಸ್ಪತ್ರೆಯಲ್ಲಿ ನಿಮಗಿಂತ ಮುಂಚಿನ ಸರದಿಯವರನ್ನು ಡಾಕ್ಟರು "ಓದಿದೋರಾಗಿ ಸೋದರಮಾವನ್ನ ಕಟ್ಕೊಂಡಿದೀರಾ?" ಎಂದು ಎಲ್ಲರೆದುರು ಬೈದಿದ್ದರಂತೆ. ನಾನು ಆಚೆ ಮರದ ಕೆಳಗೆ ಮಗುವಿಗೆ ಹಾಲು ಕುಡಿಸುತ್ತಿದ್ದೆ. ನೀನು ಒಳಗೆ ಹೋಗಿ ಇಲ್ಲ ಅಂದೆಯಂತೆ. ಹೊರಗೆ ಬಂದು "ಲೋ ಮುರಳಿ, ಎಲ್ಲಿ ಕೇಳಿದ್ರೂ ಇಲ್ಲ ಅನ್ನು. ನಮ್ ಮನೆ ಮಾತು ಅವರಿಗ್ಯಾಕೆ?" ಅಂದೆಯಂತೆ. ಬೆಂಗಳೂರಿನ ಕಿವಿ ಟೆಸ್ಟಿಗೂ ಅವನ ಜೊತೆ ಒಳಗೆ ಹೋದವಳು ನೀನೇ, ಅಲ್ಲಿ ಅವನ ಅಕ್ಕ ಅಂದೆಯಂತೆ. ಅವನಿಗೆ ನೀನು ಅಕ್ಕ ಮಾತ್ರವಾ? ಎತ್ತಿ ಆಡಿಸಿ ಬೆಳೆಸಿದ ತಾಯಿ. ನೀನು ಇಲ್ಲ ಅನ್ನು ಅಂದರೆ ಅವನು ಯಮನ ಮುಂದೆ ನಿಂತರೂ ಇಲ್ಲ ಅನ್ನುತ್ತಾನೆ.

ನಿನಗೆ ಬೈಸಿಕೊಳ್ಳುವ ಭಯ. ನನಗೆ ಅರ್ಥವಾಗುತ್ತದೆ. ಆದರೆ ಅವತ್ತು ಬರೆದ ಆ ಇಲ್ಲ ಎಂಬುದನ್ನು ಒಬ್ಬರಾದ ಮೇಲೊಬ್ಬರು ಡಾಕ್ಟರು ನೋಡಿ ಬರೆದುಕೊಂಡು ಹೋಗಿದ್ದಾರೆ. ಯಾರೂ ಮುಂದಕ್ಕೆ ಯೋಚನೆ ಮಾಡಿಲ್ಲ.

ರಕ್ತ ತೆಗೆದುಕೊಂಡರು, ನಮ್ಮ ಮೂವರದ್ದೂ. ರಿಪೋರ್ಟು ಹೋದ ವಾರ ಬಂತು. ಕಾಯಿಲೆಯ ಹೆಸರು ಅಷರ್ ಸಿಂಡ್ರೋಮ್ ಅಂತೆ. ಹೆಸರಿನಿಂದ ನಿನಗೇನಾಗಬೇಕು, ನನಗೇ ಏನೂ ಆಗಲಿಲ್ಲ. ಡಾಕ್ಟರು ಕೂರಿಸಿಕೊಂಡು ಬಿಡಿಸಿ ಹೇಳಿದರು. ಮನೆಗೆ ಎರಡು ಬೀಗದಕೈ ಇದ್ದ ಹಾಗೆ. ಒಂದು ಸವೆದರೂ ಇನ್ನೊಂದರಲ್ಲಿ ಬಾಗಿಲು ತೆಗೆಯುತ್ತದೆ, ಸವೆದದ್ದು ಗೊತ್ತೇ ಆಗುವುದಿಲ್ಲ. ನನ್ನಲ್ಲೂ ಒಂದು ಸವೆದದ್ದಿದೆ, ಮಾವನಲ್ಲೂ ಒಂದಿದೆ. ನಿಹಾಳ ಪಾಲಿಗೆ ಎರಡೂ ಸವೆದವೇ ಬಂದವು. ಎರಡೂ ಒಂದೇ ಮನೆಯಿಂದ, ಅಂದರೆ ನಿನ್ನ ಅಪ್ಪ ಅಮ್ಮನ ಕಡೆಯಿಂದ ಇಳಿದು ಬಂದವು. ಕಿವಿ ಹೋದದ್ದೂ ಅದರಿಂದಲೇ, ಕಣ್ಣು ಹೋಗುತ್ತಿರುವುದೂ ಅದರಿಂದಲೇ.

ಹೋಗುತ್ತಿದೆ ಅಮ್ಮ. ಸುತ್ತಲಿಂದ ಕಮ್ಮಿಯಾಗುತ್ತಾ ಬಂದು ಕೊನೆಗೆ ನಡುವೆ ಸ್ವಲ್ಪ ಉಳಿಯುತ್ತದೆ, ಅದೂ ಎಷ್ಟು ದಿನವೋ ಹೇಳಲಾಗದು ಎಂದರು. ಔಷಧಿ ಇಲ್ಲ. ಮೊದಲೇ ಗೊತ್ತಾಗಿದ್ದರೆ ಕಣ್ಣು ಉಳಿಯುತ್ತಿತ್ತಾ ಎಂದು ಕೇಳಿದೆ. ಇಲ್ಲ ಎಂದರು. ಆದರೆ ಕಣ್ಣು ಹೋಗುತ್ತದೆಂದು ತಿಳಿದಿದ್ದರೆ ಎರಡು ವರ್ಷದ ಮಗುವಾಗಿದ್ದಾಗಲೇ ಕಿವಿಯೊಳಗೆ ಮೆಷಿನ್ ಕೂರಿಸುವ ಆಪರೇಷನ್ ಮಾಡಿಸಿ ಎಂದು ಹಟ ಹಿಡಿಯುತ್ತಿದ್ದೆವು ಎಂದರು. ತಲೆಗೆ ಕತ್ತಿ ಹಾಕಿಸಬೇಡಿ, ತುಟಿ ನೋಡಿ ಮಾತಾಡುತ್ತಾಳಲ್ಲ ಸಾಕು ಎಂದು ನಾವೆಲ್ಲ ಸೇರಿ ಆಗ ಬೇಡ ಅಂದೆವು. ಈಗ ಮಾಡಿಸಿದರೆ ಅಷ್ಟು ಪ್ರಯೋಜನ ಸಿಗುವುದು ಕಷ್ಟವಂತೆ. ನಿಹಾಗೆ ನಾವಿನ್ನೂ ಹೇಳಿಲ್ಲ. ಕಣ್ಣಿಗೆ ಪವರ್ ಬಂದಿದೆ ಎಂದಿದ್ದೇವೆ. ಅವಳಿಗೆ ಯಾವ ಬಾಯಿಂದ ಹೇಳಲಿ?

ಈಗ ನಾನು ಬರೆಯಬೇಕಾದದ್ದು. ಶಿವರಾತ್ರಿ ಕಳೆದ ಭಾನುವಾರ ಹರಿತಾಗೂ ಬಾಬು ಮಾವನಿಗೂ ನಿಶ್ಚಿತಾರ್ಥ ಇಟ್ಟುಕೊಂಡಿದ್ದೀಯ. ನನ್ನನ್ನು ದೊಡ್ಡ ತಮ್ಮನಿಗೆ ಕೊಟ್ಟೆ, ನನ್ನ ತಂಗಿಯನ್ನು ಚಿಕ್ಕ ತಮ್ಮನಿಗೆ ಕೊಡುತ್ತಿದ್ದೀಯ. ಅದೇ ನೀನು, ಅದೇ ನಿನ್ನ ತಮ್ಮಂದಿರು, ಅದೇ ಎರಡು ಬೀಗದಕೈ. ಈಗ ಕೆಟ್ಟದ್ದು ಯಾವುದೆಂದು ಗೊತ್ತಾಗಿರುವುದರಿಂದ ಅವರಿಬ್ಬರ ರಕ್ತ ನೋಡುವುದು ಸುಲಭವಂತೆ. ಇಬ್ಬರಲ್ಲಿ ಒಬ್ಬರಿಗೆ ಇಲ್ಲದಿದ್ದರೂ ಸಾಕು, ಭಯವಿಲ್ಲ. ಆಗ ನಾನೇ ಮುಂದೆ ನಿಂತು ಆರತಿ ತಟ್ಟೆ ಹಿಡಿಯುತ್ತೇನೆ. ನಿಶ್ಚಿತಾರ್ಥಕ್ಕೆ ಮುಂಚೆ ಇಬ್ಬರನ್ನೂ ಬೆಂಗಳೂರಿಗೆ ಕಳಿಸು. ಇಷ್ಟೇ ಕೇಳುತ್ತಿರುವುದು.

ಅಪ್ಪನಿಗೆ ನಮಸ್ಕಾರ ಹೇಳು. ನಿನ್ನ ಮಂಡಿನೋವಿಗೆ ಎಣ್ಣೆ ಹಚ್ಚಿಕೋ, ಸೋಮಾರಿತನ ಮಾಡಬೇಡ.

ನಿನ್ನ ಮಗಳು,
ಭಾನುಪ್ರಿಯಾ


ಚಿಕ್ಕಬಳ್ಳಾಪುರ
19 ಫೆಬ್ರವರಿ 2025, ಬುಧವಾರ

ಅಮ್ಮನಿಗೆ ನಮಸ್ಕಾರ.

ನನ್ನ ಕಾಗದ ನಿನಗೆ ತಲುಪಿದ್ದು ಗೊತ್ತಾಯಿತು. ನೀನು ನನಗೆ ಉತ್ತರ ಕೊಡಲಿಲ್ಲ, ನಿನ್ನ ತಮ್ಮನಿಗೆ ಕೊಟ್ಟೆ. ಮಾರ್ಕೆಟ್ಟಿನಲ್ಲಿ ಹೂವಿನ ಹರಾಜು ಕೂಗುತ್ತಿದ್ದವನಿಗೆ ಫೋನ್ ಮಾಡಿ "ನಿನ್ ಹೆಂಡ್ತಿ ಕಾಗದಾನ ಒಲೆಗೆ ಹಾಕ್ದೆ ಕಣೋ" ಅಂದೆಯಂತೆ. ಹಾಕು, ಪರವಾಗಿಲ್ಲ. ಇದನ್ನೂ ಹಾಕು. ಓದಿ ಹಾಕು.

ಅವನು ಊಟ ಮಾಡದೆ ಕೂತಿದ್ದ. ಏನಾಯಿತು ಎಂದು ಕೇಳಿದರೆ "ಅಕ್ಕ ಅಳ್ತಿದ್ಲು" ಎಂದು ಒಂದೇ ಮಾತು. ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕ ಅಳುತ್ತಿದ್ದಳು, ಸರಿ, ಹೆಂಡತಿ ಹದಿನೈದು ದಿನದಿಂದ ಏನು ಮಾಡುತ್ತಿದ್ದಾಳೆ ಎಂದು ಕೂಗಾಡಿದೆ. ತಟ್ಟೆ ಕುಕ್ಕಿದೆ. ಅವನು ಎದ್ದು ಹೊರಗೆ ಹೋಗಿ ಫೋನ್ ತೆಗೆದ. ನಾನು ಒಳಗೆ ಹೋಗಿ ಫೋನ್ ತೆಗೆದೆ. ನನಗೆ ನಿನ್ನ ಫೋನು ಎಂಗೇಜ್ ಬಂತು. ಯಾಕೆ ಹೇಳು? ಅವನು ಆಗಲೇ ನಿನಗೇ ಮಾಡಿದ್ದ. ಅಯ್ಯೋ, ಅಷ್ಟು ಸಂಕಟದಲ್ಲೂ ನಾನು ಕೋಣೆಯೊಳಗೆ ಕೂತು ನಕ್ಕೆ.

ಬೇರೆ ಹೆಣ್ಣುಮಕ್ಕಳು ಗಂಡನ ಮೇಲೆ ಮುನಿಸಿಕೊಂಡರೆ ಬ್ಯಾಗು ತೆಗೆದುಕೊಂಡು ತವರಿಗೆ ಹೋಗುತ್ತಾರೆ. ನಾನು ಯಾವ ತವರಿಗೆ ಹೋಗಲಿ? ನಿನ್ನ ತಮ್ಮಂದಿರು ಚಿಕ್ಕವರೆಂದು ಅಪ್ಪ ಇಲ್ಲಟಂ ಮನೆಅಳಿಯನಾಗಿ ಆ ಮನೆಗೇ ಬಂದು ನಿಂತರು. ನಾನು ಹುಟ್ಟಿದ್ದು ಆ ಮನೆಯಲ್ಲಿ, ನನ್ನನ್ನು ಕೊಟ್ಟದ್ದೂ ಆ ಮನೆಗೆ. ಮದುವೆಯ ದಿನ ಮನೆ ತುಂಬಿಸಿಕೊಳ್ಳುವ ಶಾಸ್ತ್ರ ಮಾಡಬೇಕಲ್ಲ, ತುಂಬಿಸಿಕೊಳ್ಳುವುದಕ್ಕೆ ಹುಡುಗಿ ಹೊರಗಿನಿಂದ ಬರಬೇಕಲ್ಲ! ನನ್ನನ್ನು ಪಕ್ಕದ ಮನೆ ಕೊಂಡಮ್ಮಜ್ಜಿಯ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂರಿಸಿ, ಅದನ್ನೇ ತವರು ಅಂತ ಮಾಡಿ, ಮತ್ತೆ ನಮ್ಮ ಬಾಗಿಲಿಗೇ ಕರೆತಂದು ಅಕ್ಕಿಯ ಸೇರು ಒದೆಸಿದಿರಿ. ಊರವರೆಲ್ಲ ನಕ್ಕರು. ನೀನು ಮಾತ್ರ ಅಳುತ್ತಿದ್ದೆ, ಸಂತೋಷಕ್ಕೆ. ಮಗಳು ಕಣ್ಣೆದುರಿಂದ ಎಲ್ಲೂ ಹೋಗುವುದಿಲ್ಲ, ಹೊರಗಿನ ಹುಡುಗಿ ಬಂದು ತಮ್ಮಂದಿರನ್ನು ಬೇರೆ ಮಾಡುವುದಿಲ್ಲ. ನೀನು ಕೆಟ್ಟದ್ದು ಬಯಸಿ ಮಾಡಲಿಲ್ಲ ಅಮ್ಮ. ಪ್ರೀತಿಯಿಂದಲೇ ಮಾಡಿದೆ. ನಾನೂ ಅವನೊಡನೆ ಕಷ್ಟಪಟ್ಟಿಲ್ಲ, ನೀನು ಬೆಳೆಸಿದ ಗಂಡಸು, ಒಂದು ದಿನ ಕೈಯೆತ್ತಿದವನಲ್ಲ. ಅದಕ್ಕೇ ನನಗೆ ಯಾರನ್ನು ಬೈಯಬೇಕೋ ತಿಳಿಯದೆ ತಟ್ಟೆ ಕುಕ್ಕುತ್ತೇನೆ.

ನೀನು ಫೋನಿನಲ್ಲಿ ಅವನಿಗೆ ಹೇಳಿದ್ದನ್ನೆಲ್ಲ ಅವನು ನನಗೆ ಹೇಳಿದ. "ನಮ್ಮವ್ವನ್ನೂ ಸೋದರಮಾವನಿಗೇ ಕೊಟ್ಟಿದ್ದು. ನಾನೇನು ಕಿವುಡಿನಾ, ನೀನೇನು ಕುರುಡನಾ?" ಅಂದೆಯಂತೆ. ಇದನ್ನೇ ನಾನೂ ಡಾಕ್ಟರಿಗೆ ಕೇಳಿದೆ. ಪ್ರತಿ ಮಗುವಿಗೂ ಆಗಲೇಬೇಕೆಂದಿಲ್ಲ, ನಾಲ್ಕರಲ್ಲಿ ಒಂದಕ್ಕೆ ಆಗಬಹುದು, ಯಾವುದಕ್ಕೆಂದು ಯಾರೂ ಹೇಳಲಾರರು ಎಂದರು. ನಿಮಗೆ ತಪ್ಪಿತು, ನಿಹಾಗೆ ತಪ್ಪಲಿಲ್ಲ. ನಾವು ಎರಡನೇ ಮಗು ಯಾಕೆ ಮಾಡಿಕೊಳ್ಳಲಿಲ್ಲ ಎಂದು ನೀನು ಪ್ರತಿ ಹಬ್ಬಕ್ಕೂ ಕೇಳುತ್ತಿದ್ದೆ. ಇನ್ನು ಮುಂದೆ ಕೇಳಬೇಡ.

ಇನ್ನೊಂದು ಅಂದೆಯಂತೆ. "ಟೆಸ್ಟು ಗಿಸ್ಟು ಅಂತ ಹೋದ್ರೆ ಊರಿಗೆಲ್ಲ ಗೊತ್ತಾಗ್ತದೆ. ಆಮೇಲೆ ಹರಿತಾನ ಯಾರು ಮಾಡ್ಕೊತಾರೆ? ಬಾಬುಗೆ ಯಾರು ಹೆಣ್ಣು ಕೊಡ್ತಾರೆ?" ಹೊರಗೆ ಕೊಟ್ಟರೇ ಭಯ ಕಮ್ಮಿ ಎನ್ನುತ್ತಾರೆ ಡಾಕ್ಟರು. ಹೊರಗಿನವರು ಕೇಳಿಸಿಕೊಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ ಎನ್ನುತ್ತೀಯ ನೀನು. ಇಬ್ಬರದೂ ನಿಜ. ಒಳಗೆ ಕೊಡುವ ಹಾಗಿಲ್ಲ, ಹೊರಗೆ ಹೇಳುವ ಹಾಗಿಲ್ಲ. ಈ ಹದಿನೈದು ದಿನ ನಾನು ಇದರೊಳಗೇ ಸುತ್ತುತ್ತಿದ್ದೇನೆ. ಸ್ಕೂಲಿನಲ್ಲಿ ಫೀಸಿನ ರಸೀದಿ ಬರೆಯುವುದನ್ನು ಅರ್ಧಕ್ಕೇ ಬಿಡುತ್ತೇನೆ. ಎದ್ದು ಹೊರಗೆ ಬಂದು ಗೇಟಿನ ಹತ್ತಿರ ನಿಲ್ಲುತ್ತೇನೆ. ಗೇಟಿನಾಚೆ ಹೋಗುವುದಕ್ಕೆ ಎಲ್ಲೂ ಇಲ್ಲ, ಮತ್ತೆ ಒಳಗೆ ಬರುತ್ತೇನೆ.

ಮೊನ್ನೆ ಭಾನುವಾರ ಹರಿತಾ ನಿಶ್ಚಿತಾರ್ಥದ ಸೀರೆ ತೆಗೆದುಕೊಳ್ಳಲು ಇಲ್ಲಿಗೆ ಬಂದಳಲ್ಲ, ನೀನೇ ಕಳಿಸಿದ್ದೆ. ಬರುವ ಮುಂಚೆ ನನಗೆ ಮಾವನ ಕೈಲಿ "ಅವಳ ಹತ್ರ ಏನಾದ್ರೂ ಬಾಯ್ಬಿಟ್ರೆ ನನ್ ಹೆಣ ನೋಡ್ತೀಯ" ಎಂದು ಹೇಳಿಸಿದ್ದೆ. ನಾನು ಬಾಯಿ ಬಿಟ್ಟೆ ಅಮ್ಮ. ಸೀರೆ ಅಂಗಡಿಗೆ ಹೋಗುವ ದಾರಿಯಲ್ಲಿ ಒಂದು ಹೋಟೆಲಿನಲ್ಲಿ ಕೂರಿಸಿ ಎಲ್ಲ ಹೇಳಿದೆ. ಅವಳು ಮುಂದಿದ್ದ ದೋಸೆ ಮುಟ್ಟಲಿಲ್ಲ.

"ಅಕ್ಕ, ನಂಗೆ ಬಾಬು ಮಾವ ಅಂದ್ರೆ ಇಷ್ಟ" ಅಂದಳು.

ಅದನ್ನು ನಾನು ಎಣಿಸಿರಲಿಲ್ಲ. ನನ್ನ ಹಾಗೆ ಹಿರಿಯರು ಹೇಳಿದರೆಂದು ತಲೆ ತಗ್ಗಿಸಿದ್ದಾಳೆ ಅಂದುಕೊಂಡಿದ್ದೆ. ಇವಳಿಗೆ ನಿಜವಾಗಿಯೂ ಇಷ್ಟ. ಅವನು ಅವಳಿಗೆ ಸ್ಕೂಟಿ ಕಲಿಸಿದ್ದು, ಪರೀಕ್ಷೆಗೆ ಕರೆದುಕೊಂಡು ಹೋಗಿ ಬಿಸಿಲಲ್ಲಿ ಕಾದದ್ದು, ಎಲ್ಲ ಹೇಳಿಕೊಂಡು ಅತ್ತಳು. ನಾನೂ ಅತ್ತೆ. ಹೋಟೆಲಿನವನು ಬಂದು ದೋಸೆ ಚೆನ್ನಾಗಿಲ್ಲವಾ ಎಂದು ಕೇಳಿದ.

ಆಮೇಲೆ ಮುಖ ಒರೆಸಿಕೊಂಡು ಅವಳೇ ಹೇಳಿದಳು: "ಟೆಸ್ಟ್ ಮಾಡಿಸ್ತೀನಿ ಅಕ್ಕ. ನಾನು ರೆಡಿ. ಆದ್ರೆ ಬಾಬು ಮಾವ ಅಮ್ಮ ಹೂಂ ಅನ್ನದೆ ಬರಲ್ಲ. ಅಮ್ಮಂಗೆ ನೀನೇ ಹೇಳು." ಅವಳು ಸೀರೆ ತೆಗೆದುಕೊಳ್ಳದೆ ಬಂದದ್ದಕ್ಕೆ ಇದೇ ಕಾರಣ. ಮನಸ್ಸಿಗೆ ಹಿಡಿಸಿದ್ದು ಸಿಗಲಿಲ್ಲ ಎಂದು ನಿನಗೆ ಸುಳ್ಳು ಹೇಳಿದ್ದಾಳೆ. ಅವಳನ್ನು ಬೈಯಬೇಡ.

ಈಗ ಎಲ್ಲ ನಿನ್ನ ಒಂದು ಹೂಂ ಮೇಲೆ ನಿಂತಿದೆ. ಮುರಳಿ ಮಾವ ನಿನ್ನ ಮುಖ ನೋಡುತ್ತಾನೆ, ಬಾಬು ಮಾವ ನಿನ್ನ ಮುಖ ನೋಡುತ್ತಾನೆ, ಹರಿತಾ ನಿನ್ನ ಮುಖ ನೋಡುತ್ತಾಳೆ. ಅಪ್ಪನಂತೂ ಎಂದಿನ ಹಾಗೆ "ಪೋನೀಲೇಮ್ಮಾ" ಎಂದು ಟವೆಲು ಕೊಡವಿಕೊಂಡು ತೋಟಕ್ಕೆ ಹೋಗಿರುತ್ತಾರೆ. ಹೋಗಲಿ ಬಿಡು ಅನ್ನುವುದಕ್ಕೆ ಆಗುವುದಿಲ್ಲ ಅಮ್ಮ ಇದನ್ನು.

ನಿನ್ನೆ ಒಂದು ನಡೆಯಿತು. ನಾನು ಈ ಕಾಗದ ಬರೆಯುತ್ತೇನೆ ಎಂದಾಗ ಮಾವ ಬೇಡ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ನಿಹಾಳ ಶೂಗೆ ಪಾಲಿಶ್ ಹಾಕುತ್ತಾ ಕೂತಿದ್ದ. ತಲೆ ಎತ್ತದೆ "ಬರಿ. ಅಕ್ಕನ ಮುಂದೆ ನಂಗೆ ಬಾಯಿ ಬರಲ್ಲ. ನಂದೂ ಅದೇ ಮಾತು ಅಂತ ಬರಿ" ಎಂದ. ಬರೆದಿದ್ದೇನೆ. ನಿನ್ನ ತಮ್ಮ ನಿನಗೆ ಎದುರು ನಿಂತದ್ದು ಹುಟ್ಟಿದ ಮೇಲೆ ಇದೇ ಮೊದಲು. ಅದಕ್ಕೆ ಅವನು ಎಷ್ಟು ಕಷ್ಟಪಟ್ಟನೆಂದು ನಿನಗೇ ಚೆನ್ನಾಗಿ ಗೊತ್ತು.

ಸೋಮವಾರ ಬೆಳಗ್ಗೆ ಬೆಂಗಳೂರಿನಲ್ಲಿ ಡಾಕ್ಟರ ಸಮಯ ತೆಗೆದುಕೊಂಡಿದ್ದೇನೆ. ಹರಿತಾ ಬರುತ್ತಾಳೆ. ಬಾಬು ಮಾವನನ್ನು ನೀನೇ ಕರೆದುಕೊಂಡು ಬಾ. ಡಾಕ್ಟರು ಕೇಳಿದಾಗ ನೀನೇ ಬಾಯಿಬಿಟ್ಟು ಹೇಳು, ನಾನು ತಾಯಿಯ ತಾಯಿಯೂ ಹೌದು, ತಂದೆಯ ಅಕ್ಕನೂ ಹೌದು ಎಂದು. ಯಾರೂ ಬೈಯುವುದಿಲ್ಲ. ಬೈದರೆ ನಾನಿದ್ದೇನೆ, ನನ್ನ ಬಾಯಿ ನಿನಗೆ ಗೊತ್ತಲ್ಲ.

ರಿಪೋರ್ಟು ಬರುವವರೆಗೆ ನಿಶ್ಚಿತಾರ್ಥ ಮುಂದಕ್ಕೆ ಹಾಕು. ಊರವರು ಕೇಳಿದರೆ ನನಗೇ ಹುಷಾರಿಲ್ಲ ಎಂದು ಹೇಳು, ಸುಳ್ಳಾಗುವುದಿಲ್ಲ.

ಹರಿತಾಗೆ ನನ್ನ ಆಶೀರ್ವಾದ. ಯಾರನ್ನು ಕಟ್ಟಿಕೊಂಡರೂ ಅವಳ ಹೊಟ್ಟೆ ತಣ್ಣಗಿರಲಿ. ನೀನು ನನ್ನ ಮೇಲೆ ಎಷ್ಟೇ ಕೋಪ ಮಾಡಿಕೊಂಡಿದ್ದರೂ ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ ಮಗಳು, ನಿನ್ನ ತಮ್ಮನ ಹೆಂಡತಿ,
ಭಾನು

ಮತ್ತೆ ಬರೆದದ್ದು: ಮೇಲಿನದನ್ನು ಮುಗಿಸಿ ಕವರಿಗೆ ಗೋಂದು ಹುಡುಕಲು ಅಡುಗೆಮನೆಗೆ ಹೋಗಿದ್ದೆ. ಬರುವಷ್ಟರಲ್ಲಿ ನಿಹಾ ಸ್ಕೂಲಿನಿಂದ ಬಂದಿದ್ದಳು. ಬೆನ್ನಿನ ಬ್ಯಾಗೂ ಇಳಿಸದೆ ಕಿಟಕಿಯ ಹತ್ತಿರ ನಿಂತು ಈ ಹಾಳೆಗಳನ್ನು ಓದುತ್ತಿದ್ದಳು. ಕಿವಿ ಕೇಳದ ಮಗುವೆಂದು ನಾನೇ ಹಗಲೂ ಇರುಳೂ ಕೂತು ಓದು ಕಲಿಸಿದ್ದೆ. ಓಡಿಹೋಗಿ ಕಿತ್ತುಕೊಂಡೆ. ಆಗಲೇ ಕೊನೆಯ ಹಾಳೆಗೆ ಬಂದಿದ್ದಳು. ಕಣ್ಣಿನ ವಿಷಯ ಕೇಳುತ್ತಾಳೆ ಅಂದುಕೊಂಡೆ. ಅವಳು ಅದನ್ನು ಕೇಳಲೇ ಇಲ್ಲ ಅಮ್ಮ.

"ಚಿಕ್ಕಮ್ಮಂಗೆ ನನ್ ಥರ ಪಾಪು ಹುಟ್ಬಾರ್ದು ಅಂತಾನಾ?" ಎಂದು ಕೇಳಿದಳು.

"ಹಾಗಲ್ಲ ಕಣಮ್ಮ" ಅಂದೆ. ಹಾಗಲ್ಲದೆ ಇನ್ನು ಹೇಗೆ? ಎರಡು ಕಾಗದದಲ್ಲಿ ನಾನು ನಿನಗೆ ಬರೆದಿರುವುದೇ ಅದು. ಎಷ್ಟು ಸಲ ಓದಿ ನೋಡಿದರೂ ಅದೇ. ನನ್ನ ಮದುವೆಗೆ ಮುಂಚೆ ಯಾರಾದರೂ ನಿನಗೆ ಇಂಥದೇ ಕಾಗದ ಬರೆದು, ನೀನು ಅದನ್ನು ಕೇಳಿದ್ದಿದ್ದರೆ, ನನಗೆ ಈ ಮಗುವೇ ಇರುತ್ತಿರಲಿಲ್ಲ. ಹರಿದು ಹಾಕೋಣ ಎಂದು ಹಾಳೆ ಕೈಗೆ ತೆಗೆದುಕೊಂಡೆ. ಹರಿಯಲು ಹೋದರೆ ಹರಿತಾ ಕಣ್ಣಮುಂದೆ ಬಂದಳು.

ನಾನು ಇನ್ನೂ ಏನಾದರೂ ಹೇಳುತ್ತೇನೆಂದು ನಿಹಾ ನನ್ನ ತುಟಿಯನ್ನೇ ನೋಡುತ್ತಾ ನಿಂತಿದ್ದಾಳೆ. ಆದರೂ ಇದನ್ನು ಪೋಸ್ಟಿಗೆ ಹಾಕುತ್ತಿದ್ದೇನೆ.